ದೂರದ ಊರಿಗೆ ವಿಮಾನ: ಕಿಲೋಮೀಟರ್, ಗಂಟೆಗಳ ಲೆಕ್ಕ ಹಾಕುವುದು ಹೇಗೆ?

ವಿಮಾನದಲ್ಲಿ ಎಷ್ಟು ಹೊತ್ತು ಕೂರಬೇಕೆಂದು ಟಿಕೆಟ್ ನೋಡಿ ಲೆಕ್ಕ ಹಾಕಲು ಹೋದರೆ ಉತ್ತರ ತಪ್ಪುವುದೇ ಹೆಚ್ಚು. ಏಕೆಂದರೆ ಅದರಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ತಲುಪುವ ವೇಳೆ ತಲುಪುವ ಊರಿನದು. ಆದ್ದರಿಂದ ದೂರದಿಂದಲೇ ಲೆಕ್ಕ ಆರಂಭಿಸುವುದು ಒಳ್ಳೆಯದು. ಕನ್ನಡಿಗರ ಓಡಾಟ ಹೆಚ್ಚಿರುವ ಬೆಂಗಳೂರು ಮತ್ತು ಸ್ಯಾನ್ ಫ್ರಾನ್ಸಿಸ್ಕೊ ನಗರಗಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಮೊದಲಿಗೆ ಗೋಡೆಯ ಭೂಪಟವನ್ನು ಬದಿಗಿಡಿ. ದುಂಡಗಿನ ಭೂಮಿಯನ್ನು ಚಪ್ಪಟೆ ಕಾಗದಕ್ಕೆ ಇಳಿಸುವಾಗ ಆಕಾರ, ಅಳತೆಗಳು ಕೆಡುವುದರಿಂದ, ಅದರ ಮೇಲೆ ಸ್ಕೇಲು ಇಟ್ಟು ಎಳೆದ ಗೆರೆ ಅತಿ ಹತ್ತಿರದ ದಾರಿಯಾಗಿರಬೇಕಿಲ್ಲ. ಅದರ ಬದಲು ಶಾಲೆಗಳಲ್ಲಿರುವಂಥ, ಸುಮಾರು 30 ಸೆಂ.ಮೀ. ವ್ಯಾಸದ ಗೋಳವೊಂದನ್ನು ತೆಗೆದುಕೊಳ್ಳಿ. ದಾರದ ಒಂದು ತುದಿಯನ್ನು ಬೆಂಗಳೂರಿನ ಮೇಲೆ ಹೆಬ್ಬೆರಳಿನಿಂದ ಒತ್ತಿಹಿಡಿದು, ಇನ್ನೊಂದನ್ನು ಸ್ಯಾನ್ ಫ್ರಾನ್ಸಿಸ್ಕೊವರೆಗೆ ಬಿಗಿಯಾಗಿ ಎಳೆಯಿರಿ. ದಾರವು ಪೆಸಿಫಿಕ್ ಸಾಗರವನ್ನು ನೇರವಾಗಿ ಹಾಯದೆ, ಉತ್ತರಕ್ಕೆ ಜಾರಿ ಚೀನಾ, ಸೈಬೀರಿಯಾ, ಅಲಾಸ್ಕಾಗಳ ಮೇಲೆ ಕೂರುತ್ತದೆ. ಇದನ್ನೇ ಮಹಾವೃತ್ತದ ದಾರಿ ಎನ್ನುತ್ತಾರೆ.

ಈಗ ದಾರವನ್ನು ಅಳೆದರೆ ಸುಮಾರು 33 ಸೆಂ.ಮೀ. ಬರುತ್ತದೆ. ಗೋಳದ ಸುತ್ತಳತೆ 94 ಸೆಂ.ಮೀ., ಭೂಮಿಯದು ಸುಮಾರು 40,000 ಕಿ.ಮೀ. ಆದುದರಿಂದ ಒಂದು ಸೆಂ.ಮೀ.ಗೆ 425 ಕಿ.ಮೀ. ಹಿಡಿದರೆ ದೂರ ಹತ್ತಿರಹತ್ತಿರ 14,000 ಕಿ.ಮೀ. ಆಗುತ್ತದೆ. ಅಕ್ಷಾಂಶ ರೇಖಾಂಶಗಳಿಂದ ಗಣಿತದ ಸೂತ್ರ ಹಾಕಿದರೂ ಇಷ್ಟೇ ಬರುತ್ತದೆ. ದುಬೈನಲ್ಲಿ ವಿಮಾನ ಬದಲಿಸುವುದಾದರೆ ಎರಡು ತುಂಡುಗಳನ್ನು ಬೇರೆಬೇರೆಯಾಗಿ ಅಳೆದು ಕೂಡಿಸಬೇಕು. ಆಗ ಮೊತ್ತ 15,700 ಕಿ.ಮೀ. ಆಸುಪಾಸಿಗೆ ಏರುತ್ತದೆ, ನಡುವೆ ಕಾಯುವ ಹೊತ್ತು ಬೇರೆ.

ಮುಂದಿನದು ಭಾಗಾಕಾರ. ದೊಡ್ಡ ಜೆಟ್ ವಿಮಾನದ ವೇಗವನ್ನು ಗಂಟೆಗೆ 900 ಕಿ.ಮೀ. ಎಂದು ಹಿಡಿದರೆ ಹದಿನೈದೂವರೆ ಗಂಟೆ ಬರುತ್ತದೆ. ಏರುವುದಕ್ಕೂ ಇಳಿಯುವುದಕ್ಕೂ ಅರ್ಧ ಗಂಟೆ ಸೇರಿಸಿ. ಇಷ್ಟಾದರೂ ಗಾಳಿಯ ಪಾಲು ಉಳಿದೇ ಇರುತ್ತದೆ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಚಳಿಗಾಲದಲ್ಲಿ ಹೆಚ್ಚು ಬಲವಾಗಿರುತ್ತದೆ. ಬೆಂಗಳೂರಿನಿಂದ ಲಂಡನ್‌ಗೆ ಹೋಗುವಾಗ ಹಿಡಿಯುವ ಸಮಯ ಮರಳುವಾಗಿನದಕ್ಕಿಂತ ಹೆಚ್ಚಾಗಿರುವುದಕ್ಕೆ ಮುಖ್ಯ ಕಾರಣ ಇದೇ.

ಕೊನೆಗೆ ಗಡಿಯಾರ. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಮಗಿಂತ ಹದಿಮೂರೂವರೆ ಗಂಟೆ ಹಿಂದಿದೆ. ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುವುದರಿಂದ ಅಂತರ ಹನ್ನೆರಡೂವರೆಗೆ ಇಳಿಯುತ್ತದೆ. ಜನವರಿಯಲ್ಲಿ ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟರೆ ಅಲ್ಲಿ ಆಗ ಅದೇ ದಿನದ ನಸುಕಿನ 12.30. ಹದಿನಾರು ಗಂಟೆ ಕೂಡಿಸಿದರೆ, ಅದೇ ದಿನ ಸಂಜೆ 4.30ಕ್ಕೆ ತಲುಪುವಿರಿ.

ಮರಳುವಾಗಲೇ ತೊಡಕು. ಈ ಎರಡು ನಗರಗಳ ನಡುವೆ ಏರ್ ಇಂಡಿಯಾದ ಮೊದಲ ನೇರ ವಿಮಾನ, ಕ್ಯಾಪ್ಟನ್ ಜೋಯಾ ಅಗರ್‌ವಾಲ್ ನೇತೃತ್ವದ ಮಹಿಳಾ ತಂಡದೊಂದಿಗೆ, 2021ರ ಜನವರಿ 9ರ ಶನಿವಾರ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ ಬಿಟ್ಟು ಉತ್ತರ ಧ್ರುವದ ಮೇಲಿಂದ ಹಾರಿ, ಬೆಂಗಳೂರಿಗೆ ಇಳಿದದ್ದು 11ರ ಸೋಮವಾರ ನಸುಕಿನಲ್ಲಿ. ಹಾರಾಟ ಹದಿನೇಳು ಗಂಟೆಗಳ ಆಸುಪಾಸಿನದಾದರೂ ದಿನಾಂಕ ಎರಡು ಮುಂದೆ ಹೋಯಿತು. ಇಂಥ ಟಿಕೆಟ್‌ನಲ್ಲಿ ತಲುಪುವ ವೇಳೆಯ ಪಕ್ಕದಲ್ಲಿ ಸಾಮಾನ್ಯವಾಗಿ +2 ಎಂದು ಚಿಕ್ಕದಾಗಿ ಇರುತ್ತದೆ. ಕರೆತರಲು ಹೋಗುವವರು ಭಾನುವಾರ ರಾತ್ರಿ ಊಟ ಮುಗಿಸಿ ದೇವನಹಳ್ಳಿಯ ಕಡೆ ಹೊರಡಬೇಕು.