ಶಿಕಾಗೊ ಡೌನ್‌ಟೌನ್‌ಗೆ ಬುತ್ತಿ ಕಟ್ಟಿಕೊಂಡು ಹೊರಡಿ

ನಮ್ಮ ಕನ್ನಡ ಕೂಟಕ್ಕೆ ಹೊಸದಾಗಿ ಸೇರುವವರಲ್ಲಿ ತುಂಬಾ ಜನ ಮನೆ ಮಾಡುವುದು ಶಿಕಾಗೊ ಹೊರವಲಯದ ನೇಪರ್‌ವಿಲ್, ಅರೋರಾ, ಶಾಂಬರ್ಗ್ ಕಡೆ. ದಿನಸಿ, ದೋಸೆ ಎಲ್ಲ ಅಲ್ಲೇ ಸಿಗುತ್ತದೆ. ಹಾಗಾಗಿ ಡೌನ್‌ಟೌನ್ ಅಂದರೆ ಊರಿಂದ ಅಪ್ಪ ಅಮ್ಮ ಬಂದಾಗ ಒಮ್ಮೆ 'ಬೀನ್' ಅನ್ನುವ ಹೊಳೆಯುವ ಉಕ್ಕಿನ ಶಿಲ್ಪದ ಮುಂದೆ ಫೋಟೋ ತೆಗೆದು ವಾಪಸ್ ಬರುವ ಜಾಗ ಅಂತಾಗಿಬಿಡುತ್ತದೆ. ನಾವೂ ಮೊದಲ ವರ್ಷ ಹಾಗೇ ಇದ್ದೆವು. ಎಲ್ಲ ದುಬಾರಿ ಅನ್ನುವ ಭಯ. ಆದರೆ ಅಲ್ಲಿ ನಮ್ಮ ಮಕ್ಕಳು ಹೆಚ್ಚು ಇಷ್ಟಪಟ್ಟಿದ್ದೆಲ್ಲ ಪುಕ್ಕಟೆ ಸಿಗುವಂಥದ್ದೇ.

ದುಬಾರಿ ಆಗುವುದು ಕಾರು. ಮೊದಲ ಸಲ ನಾವು ಕಣ್ಣಿಗೆ ಬಿದ್ದ ಗ್ಯಾರೇಜಿನಲ್ಲಿ ಕಾರು ನಿಲ್ಲಿಸಿ, ಊಟಕ್ಕಿಂತ ಪಾರ್ಕಿಂಗ್‌ಗೇ ಜಾಸ್ತಿ ಕೊಟ್ಟು ಬಂದೆವು. ದಯವಿಟ್ಟು ಹೊರವಲಯದಿಂದ ಡೌನ್‌ಟೌನ್‌ಗೆ ಓಡುವ ಮೆಟ್ರಾ ರೈಲಿನಲ್ಲಿ ಹೋಗಿ. ನೇಪರ್‌ವಿಲ್‌ನ ಬಿಎನ್‌ಎಸ್‌ಎಫ್ ಲೈನ್, ಶಾಂಬರ್ಗ್‌ನ ಮಿಲ್ವಾಕಿ ವೆಸ್ಟ್ ಲೈನ್, ಎರಡೂ ಯೂನಿಯನ್ ಸ್ಟೇಷನ್‌ಗೇ ಬರುತ್ತವೆ. ಟಿಕೆಟ್ ತೆಗೆದುಕೊಂಡ ಒಬ್ಬ ದೊಡ್ಡವರ ಜೊತೆ 11 ವರ್ಷದವರೆಗಿನ ಮೂವರು ಮಕ್ಕಳಿಗೆ ಟಿಕೆಟ್ ಬೇಡ. ಮೇಲಂತಸ್ತಿನ ಸೀಟು ಹಿಡಿಯುವುದೇ ಅವರಿಗೆ ಅರ್ಧ ಪ್ರವಾಸ! ಸ್ಟೇಷನ್‌ನಿಂದ 'ಬೀನ್' ಇರುವ ಮಿಲೆನಿಯಂ ಪಾರ್ಕ್‌ಗೆ ನಡೆದು ಅರ್ಧ ಗಂಟೆ.

ಬೇಸಿಗೆಯಲ್ಲಿ ಬಂದವರಿಗೆ ನಾನು ಮೊದಲು ಹೇಳುವುದು ಇದೇ ಪಾರ್ಕಿನ ಸಂಗೀತ. ಜೂನ್‌ನಿಂದ ಆಗಸ್ಟ್‌ವರೆಗೆ, ಸಾಮಾನ್ಯವಾಗಿ ಬುಧವಾರ, ಶುಕ್ರವಾರ, ಶನಿವಾರ ಸಂಜೆ ಗ್ರಾಂಟ್ ಪಾರ್ಕ್ ಮ್ಯೂಸಿಕ್ ಫೆಸ್ಟಿವಲ್ ನಡೆಯುತ್ತದೆ. 1935ರಿಂದ ನಡೆದುಕೊಂಡು ಬಂದಿದೆ. ಇಡೀ ಆರ್ಕೆಸ್ಟ್ರಾ, ಹುಲ್ಲಿನ ಮೇಲೆ ಕೂತು ಕೇಳಿದರೆ ಒಂದು ಪೈಸೆ ಇಲ್ಲ. ತಲೆಯ ಮೇಲಿನ ಕಬ್ಬಿಣದ ಜಾಲರಿಯಿಂದ ಸ್ಪೀಕರ್ ತೂಗುಹಾಕಿದ್ದಾರೆ, ಹಿಂದೆ ಕೂತರೂ ಚೆನ್ನಾಗಿ ಕೇಳಿಸುತ್ತದೆ. ಮನೆ ಊಟ ತರಬಹುದು. ಚಾಪೆ ಹಾಸಿ, ಚಿತ್ರಾನ್ನ, ಮೊಸರನ್ನ, ಚಪಾತಿ ಪಲ್ಯ ಬಿಚ್ಚಿ ಕೂತರೆ ಪಕ್ಕದವರು ಏನು ಅಂತ ಕೇಳದೇ ಇರುವುದಿಲ್ಲ. ಗೇಟಿನಲ್ಲಿ ಬ್ಯಾಗ್ ನೋಡುತ್ತಾರೆ. ಸ್ವಲ್ಪ ಬೇಗ ಹೋಗಿ ಜಾಗ ಹಿಡಿಯಿರಿ. ಹದಿಹರೆಯದ ಮಕ್ಕಳಿದ್ದರೆ ಒಂದು ನಿಯಮ ಗೊತ್ತಿರಲಿ: ಗುರುವಾರದಿಂದ ಭಾನುವಾರದವರೆಗೆ ಸಂಜೆ 6ರ ನಂತರ 18 ತುಂಬದವರು ಇಲ್ಲಿಗೆ ದೊಡ್ಡವರಿಲ್ಲದೆ ಬರುವಂತಿಲ್ಲ.

ಚಿಕ್ಕ ಮಕ್ಕಳಿಗೆ ಅದೇ ಪಾರ್ಕಿನ ಕ್ರೌನ್ ಫೌಂಟನ್. 50 ಅಡಿ ಎತ್ತರದ ಎರಡು ಗಾಜಿನ ಗೋಪುರ, ಅದರ ಮೇಲೆ ಊರಿನ ಜನರ ಮುಖ, ಬಾಯಿಂದ ನೀರು. ಟವೆಲ್, ಒಂದು ಜೊತೆ ಬಟ್ಟೆ ಮರೆಯಬೇಡಿ. ಸಂಜೆ ಮಿಶಿಗನ್ ಕೆರೆಯ ಗಾಳಿ ಜುಲೈನಲ್ಲೂ ಚಳಿ ಹಿಡಿಸುತ್ತದೆ. ಕೆರೆ ಅಂದೆ, ನೋಡಿದರೆ ಸಮುದ್ರವೇ. ಟಾಯ್ಲೆಟ್ ಬೇಕಾದರೆ ರಸ್ತೆ ದಾಟಿ ಕಲ್ಚರಲ್ ಸೆಂಟರ್‌ಗೆ ಹೋಗಿ. 1897ರಲ್ಲಿ ಲೈಬ್ರರಿಯಾಗಿ ಕಟ್ಟಿದ್ದು, ಒಳಗೆ ಹೋಗಲು ದುಡ್ಡಿಲ್ಲ. ಮೇಲೆ ಬಣ್ಣದ ಗಾಜಿನ ದೊಡ್ಡ ಗುಮ್ಮಟವಿದೆ, ತಲೆ ಎತ್ತಿ ನೋಡಿ. ಹತ್ತಿರದ ಆರ್ಟ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲೇ 1893ರ ಸೆಪ್ಟೆಂಬರ್ 11ರಂದು ಸ್ವಾಮಿ ವಿವೇಕಾನಂದರು ಮಾತನಾಡಿದ್ದು. ಎದುರಿನ ರಸ್ತೆಗೆ ಅವರ ಹೆಸರಿನ ಫಲಕವೂ ಇದೆ. ಅಪ್ಪ ಅಮ್ಮ ಬಂದಾಗ ಮೊದಲು ಇಲ್ಲಿಗೆ ಕರೆದುಕೊಂಡು ಹೋಗಿ.

ಹೊರಗೆ ತಿನ್ನುವುದಾದರೆ ಡೀಪ್ ಡಿಶ್ ಪಿಜ್ಜಾ. ಕೆಳಗೆ ಚೀಸ್, ಮೇಲೆ ಟೊಮೇಟೊ, ದಪ್ಪ ಅಂಚು. ಬೇಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ, ಮಕ್ಕಳು ಹಸಿದು ಅಳುವ ಮೊದಲೇ ಆರ್ಡರ್ ಕೊಡಿ. ಪಾಲಕ್ ಹಾಕಿದ್ದು ಸಸ್ಯಾಹಾರಿಗಳಿಗೆ ಒಳ್ಳೆಯದು. ಎರಡು ತುಂಡು ತಿಂದರೆ ಹೊಟ್ಟೆ ತುಂಬಿತು, ದೊಡ್ಡದು ತರಿಸಬೇಡಿ. ಇಟಾಲಿಯನ್ ಬೀಫ್, ಹಾಟ್ ಡಾಗ್ ಎರಡೂ ಇಲ್ಲಿ ದನದ ಮಾಂಸದ್ದು, ಬೇಡದವರು ನೋಡಿಕೊಳ್ಳಿ. ಸೂಪ್ ಕೋಳಿ ಸಾರಿನಲ್ಲಿ ಮಾಡಿದ್ದಾರೆಯೇ, ಬೀನ್ಸ್‌ಗೆ ಹಂದಿ ಕೊಬ್ಬು ಹಾಕಿದ್ದಾರೆಯೇ ಅಂತ ಕೇಳಿ. ಕೇಳಲು ಸಂಕೋಚ ಬೇಡ, ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಫಿಲ್ಟರ್ ಕಾಫಿ ನೆನಪಾದರೆ 'ಕೊರ್ಟಾಡೊ' ಹೇಳಿ. ಚಿಕ್ಕ ಲೋಟ, ಗಟ್ಟಿ ಡಿಕಾಕ್ಷನ್, ಸ್ವಲ್ಪ ಬಿಸಿ ಹಾಲು. ನಮ್ಮ ಲೋಟಕ್ಕೆ ಅದೇ ಹತ್ತಿರ. ಬಿಲ್ಲಿನಲ್ಲಿ ತೆರಿಗೆಯೇ ನೂರಕ್ಕೆ 11ರ ಮೇಲೆ, ಕೂತು ಉಂಡರೆ ಟಿಪ್ 18ರಿಂದ 20. ಮೆನುವಿನ ಬೆಲೆ ನೋಡುವಾಗಲೇ ಇದನ್ನು ಸೇರಿಸಿಕೊಳ್ಳಿ.

ಬಿಯರ್, ವೈನ್ ಕುಡಿಯುವವರು ಗುರುತಿನ ಚೀಟಿ ಇಟ್ಟುಕೊಳ್ಳಿ. 21 ಆಗಿರಬೇಕು, ತಲೆ ನರೆತವರನ್ನೂ ಕೇಳುತ್ತಾರೆ.

ಚಳಿಗಾಲದಲ್ಲಿ ಮನೆಯೊಳಗೇ ಕೂರಬೇಡಿ. ನವೆಂಬರ್‌ನಿಂದ ಕ್ರಿಸ್‌ಮಸ್‌ವರೆಗೆ ಡೇಲಿ ಪ್ಲಾಜಾದಲ್ಲಿ ಜರ್ಮನ್ ಸಂತೆ ಸೇರುತ್ತದೆ. ಅಲ್ಲಿ ಎಲ್ಲರ ಕೈಯಲ್ಲೂ ಕಾಣುವ 'ಗ್ಲೂವೈನ್' ಅಂದರೆ ಮಸಾಲೆ ಹಾಕಿದ ಬಿಸಿ ವೈನ್. ಮಕ್ಕಳಿಗೆ ಹಾಟ್ ಚಾಕೊಲೇಟ್ ಅಂತ ಬಿಡಿಸಿ ಹೇಳಿ. ಮಗ್ ನಿಮಗೇ, ಮನೆಗೆ ತರಬಹುದು. ರಾತ್ರಿ ಮೆಟ್ರಾ ರೈಲು ಕಡಿಮೆ, ಒಂದು ತಪ್ಪಿದರೆ ಸ್ಟೇಷನ್‌ನಲ್ಲಿ ಗಂಟೆಗಟ್ಟಲೆ ಕಾಯಬೇಕು. ಮನೆ ಬಿಡುವಾಗಲೇ ವಾಪಸ್ ರೈಲಿನ ಹೊತ್ತು ಬರೆದಿಟ್ಟುಕೊಳ್ಳಿ.