ಬಸುರಿಯ ವಾಂತಿ ನಿಲ್ಲದಿದ್ದರೆ ಗ್ಲೂಕೋಸ್ ಬಾಟ್ಲಿಗೆ ಮುಂಚೆ ವಿಟಮಿನ್ ಬಿ1 ಕೇಳಿ

ನನ್ನ ತಂಗಿಗೆ ಆಗ ಮೂರು ತಿಂಗಳು ತುಂಬಿತ್ತು. ಐದು ವಾರದಿಂದ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಬಸುರಿ ಅಂದ ಮೇಲೆ ವಾಂತಿ ಇದ್ದದ್ದೇ ಅಂತ ಮನೆಯವರೆಲ್ಲ ಹೇಳಿದರು. ನಾನೂ ಹೇಳಿದೆ. ಒಂದು ಸಂಜೆ ಅವಳು ಒಂದು ಕಣ್ಣು ಮುಚ್ಚಿಕೊಂಡು ಟಿವಿ ನೋಡುತ್ತಿದ್ದಳು. "ಎರಡೂ ಕಣ್ಣು ಬಿಟ್ಟರೆ ಎಲ್ಲಾ ಎರಡೆರಡು ಕಾಣುತ್ತೆ ಅಕ್ಕಾ" ಅಂದಳು. ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದು, ಕಾಲು ಅಗಲಿಸಿ ನಡೆದಳು. ಸುಸ್ತು ಅಂದುಕೊಂಡೆವು. ಮರುದಿನ, ತೀರಿಕೊಂಡು ಮೂರು ವರ್ಷವಾದ ಅಜ್ಜಿ ತಿಂಡಿ ತಿಂದರಾ ಅಂತ ಕೇಳಿದಳು.

ಇದು ವರ್ನಿಕೆ ಎನ್ಸೆಫಲೋಪತಿ, ವಿಟಮಿನ್ ಬಿ1 ಕೊರತೆಯಿಂದ ಮಿದುಳಿಗೆ ಬರುವ ಕಾಯಿಲೆ. ಸಕ್ಕರೆಯಿಂದ ಶಕ್ತಿ ಪಡೆಯಲು ಮಿದುಳಿಗೆ ಥಯಾಮಿನ್, ಅಂದರೆ ವಿಟಮಿನ್ ಬಿ1 ಬೇಕೇ ಬೇಕು. ಮೈಯಲ್ಲಿ ಇರುವುದು ಸುಮಾರು 30 ಮಿಲಿಗ್ರಾಂ. ಊಟ ಸೇರದಿದ್ದರೆ ಎರಡು ಮೂರು ವಾರಕ್ಕೆ ಖಾಲಿ. ಕುಡುಕರಿಗೆ ಮಾತ್ರ ಬರುವ ಕಾಯಿಲೆ ಅಂತ ತುಂಬಾ ಜನ ತಿಳಿದಿದ್ದಾರೆ. ಆದರೆ 1881ರಲ್ಲಿ ಜರ್ಮನಿಯ ಡಾಕ್ಟರ್ ಕಾರ್ಲ್ ವರ್ನಿಕೆ ಬರೆದಿಟ್ಟ ಮೂವರು ರೋಗಿಗಳಲ್ಲೇ ಒಬ್ಬಳು ಆಸಿಡ್ ಕುಡಿದು ವಾಂತಿ ನಿಲ್ಲದೆ ನರಳಿದ ಹೊಲಿಗೆಯವಳು.

ನಿಮ್ಮ ಮನೆಯ ಬಸುರಿಗೆ ಎರಡು ವಾರದಿಂದ ವಾಂತಿ ನಿಂತಿಲ್ಲವಾ? ದಿನಾ ಹೀಗೆ ನೋಡಿ. ನಿಮ್ಮ ಬೆರಳನ್ನು ಅವಳ ಮುಖದ ಮುಂದೆ ಎಡಕ್ಕೂ ಬಲಕ್ಕೂ ನಿಧಾನಕ್ಕೆ ಆಡಿಸಿ. ಕಣ್ಣುಗುಡ್ಡೆ ಅದುರುತ್ತಾ, ಒಂದು ಕಡೆ ಹೋಗದೆ ನಿಲ್ಲುತ್ತಾ? ಹತ್ತು ಹೆಜ್ಜೆ ನಡೆಸಿ, ಪಕ್ಕದಲ್ಲೇ ಇರಿ. ಇವತ್ತು ಯಾವ ವಾರ ಅಂತ ಕೇಳಿ. ಮೂರೂ ಒಟ್ಟಿಗೆ ಕೆಡಲಿ ಅಂತ ಕಾಯಬೇಡಿ. ಎಷ್ಟೋ ಜನರಲ್ಲಿ ಮೂರೂ ಒಟ್ಟಿಗೆ ಕಾಣುವುದೇ ಇಲ್ಲ. ಒಂದು ಕಂಡರೂ ಅವತ್ತೇ ಆಸ್ಪತ್ರೆಗೆ ಹೊರಡಿ. ಏನೂ ಕಾಣದಿದ್ದರೂ ಇಷ್ಟು ದಿನದ ವಾಂತಿಗೆ ಡಾಕ್ಟರಿಗೆ ತೋರಿಸಲೇಬೇಕು.

ಅಲ್ಲಿ ಸಂಕೋಚ ಬೇಡ. ಎಷ್ಟು ದಿನದಿಂದ ವಾಂತಿ, ಎಷ್ಟು ಕೆಜಿ ಇಳಿದಿದ್ದಾಳೆ ಹೇಳಿ. "ಗ್ಲೂಕೋಸ್‌ಗೆ ಮುಂಚೆ ಅಥವಾ ಜೊತೆಗೇ ಥಯಾಮಿನ್ ಕೊಡ್ತೀರಾ ಡಾಕ್ಟ್ರೇ?" ಅಂತ ನೇರವಾಗಿ ಕೇಳಿ. ಬರೀ ಗ್ಲೂಕೋಸ್ ಏರಿಸಿದರೆ ಉಳಿದಿದ್ದ ಚೂರುಪಾರು ಬಿ1 ಕೂಡ ಖರ್ಚಾಗಿಬಿಡುತ್ತದೆ. ನಾವು ಮೊದಲು ಹೋದ ನರ್ಸಿಂಗ್ ಹೋಮಿನಲ್ಲಿ ಎರಡು ಬಾಟ್ಲಿ ಹಾಕಿ ಕಳಿಸಿದರು, ಥಯಾಮಿನ್ ಇಲ್ಲದೆ. ಆ ರಾತ್ರಿ ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಈ ಹಂತದಲ್ಲಿ ಮಾತ್ರೆ ಸಾಲದು, ರಕ್ತನಾಳಕ್ಕೇ ಕೊಡಬೇಕು. ಎರಡನೇ ಆಸ್ಪತ್ರೆಯಲ್ಲಿ ದಿನಕ್ಕೆ ಮೂರು ಸಲ ಕೊಟ್ಟರು. ಎರಡೇ ದಿನಕ್ಕೆ ಕಣ್ಣು ಸರಿಹೋಯಿತು. ನಡಿಗೆಗೆ ಎರಡು ತಿಂಗಳು ಹಿಡಿಯಿತು. ತಡವಾದರೆ ನೆನಪಿನ ಶಕ್ತಿ ಹಾಳಾಗಿ ಹಾಗೇ ಉಳಿಯಬಹುದು. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಾಂತಿ ಶುರುವಾದ ತಾರೀಕು, ವಾರವಾರದ ತೂಕ ಒಂದು ಚೀಟಿಯಲ್ಲಿ ಬರೆದು ತಾಯಿ ಕಾರ್ಡಿಗೆ ಪಿನ್ ಮಾಡಿಡಿ. ಗಾಬರಿಯಲ್ಲಿ ಡಾಕ್ಟರು ಕೇಳಿದಾಗ ನನ್ನ ಬಾಯಿಗೆ ಒಂದು ತಾರೀಕೂ ಬರಲಿಲ್ಲ.