ಗುರ್ಚೆಂಕೊ ಅವರ ಒಂದು ಮಾತಿಗೆ ಕನ್ನಡ ಹುಡುಕಿದ ಬಗೆ

ನಿಕಿತಾ ಮಿಖಾಲ್ಕೊವ್ ನಿರ್ದೇಶನದ ‘ಐದು ಸಂಜೆಗಳು’ ಎಂಬ ರಷ್ಯನ್ ಚಿತ್ರವನ್ನು ಗೆಳೆಯರಿಗೆ ತೋರಿಸಲೆಂದು ಕನ್ನಡ ಸಬ್‌ಟೈಟಲ್ ಬರೆಯಲು ಕುಳಿತಾಗ, ಅದರ ನಾಯಕಿ ಲ್ಯುಡ್ಮಿಲಾ ಗುರ್ಚೆಂಕೊ ನನಗೆ ಗೊತ್ತಿದ್ದದ್ದು 1956ರ ‘ಕಾರ್ನಿವಲ್ ರಾತ್ರಿ’ಯಲ್ಲಿ ಹೊಸ ವರ್ಷಕ್ಕೆ ಐದೇ ನಿಮಿಷ ಬಾಕಿಯಿದೆ ಎಂದು ಹಾಡುತ್ತಾ ಕುಣಿಯುವ ಹುಡುಗಿಯಾಗಿ ಮಾತ್ರ. ಇಲ್ಲಿನ ತಮಾರಾ ಹಾಗಲ್ಲ. ಕಾರ್ಖಾನೆಯಲ್ಲಿ ದುಡಿದು, ಅಕ್ಕನ ಮಗನನ್ನು ಸಾಕುತ್ತಾ, ಯುದ್ಧಕ್ಕೆ ಹೋದ ಗೆಳೆಯನ ನೆನಪನ್ನು ಯಾರಿಗೂ ತೋರಗೊಡದೆ ಬದುಕುತ್ತಿರುವ ಹೆಣ್ಣು ಅವಳು.

ಕೊನೆಯ ದೃಶ್ಯದವರೆಗೆ ಕೆಲಸ ಸಲೀಸಾಗಿ ಸಾಗಿತು. ಅಲ್ಲಿ, ಬಹಳ ವರ್ಷಗಳ ಮೇಲೆ ಮರಳಿ ಬಂದ ಆ ಗೆಳೆಯ ಇಲ್ಯಿನ್ ನಿದ್ದೆಹೋಗಿರುವಾಗ, ತಮಾರಾ ಪಿಸುದನಿಯಲ್ಲಿ ‘ಲಿಷ್ ಬಿ ವೊಯ್ನಿ ನೆ ಬೀಲೊ’ ಎನ್ನುತ್ತಾಳೆ. ನಾನು ಮೊದಲು ‘ಇನ್ನೆಂದೂ ಯುದ್ಧ ಬೇಡ’ ಎಂದು ಬರೆದೆ. ಅರ್ಥ ತಪ್ಪಿರಲಿಲ್ಲ, ಆದರೆ ಅದು ಮೆರವಣಿಗೆಯ ಘೋಷಣೆಯಂತೆ ಕೇಳಿಸಿತು. ಆ ಪಿಸುದನಿಗೂ ನನ್ನ ಸಾಲಿಗೂ ಹೊಂದಿಕೆಯೇ ಆಗಲಿಲ್ಲ.

ಉತ್ತರ ಸಿಕ್ಕಿದ್ದು ಆ ನಟಿಯ ಬದುಕಿನಲ್ಲಿ. 1935ರ ನವೆಂಬರ್ 12ರಂದು ಖಾರ್ಕಿವ್‌ನಲ್ಲಿ ಹುಟ್ಟಿದ ಗುರ್ಚೆಂಕೊ ಅವರಿಗೆ ಆರು ತುಂಬುವ ಮೊದಲೇ, 1941ರ ಅಕ್ಟೋಬರಿನಲ್ಲಿ, ಜರ್ಮನ್ ಸೇನೆ ಊರನ್ನು ಹಿಡಿದಿತ್ತು. ಬಯಾನ್ ಎಂಬ ಅಕಾರ್ಡಿಯನ್ ಬಗೆಯ ವಾದ್ಯ ನುಡಿಸುತ್ತಿದ್ದ ಅಪ್ಪ ಯುದ್ಧಕ್ಕೆ ಹೋದರು, ತಾಯಿ ಮಗಳು ಊರಲ್ಲೇ ಉಳಿದರು. ಒಂದು ತುತ್ತಿಗಾಗಿ ಜರ್ಮನ್ ಸೈನಿಕರ ಮುಂದೆ ಹಾಡಿದ್ದನ್ನು ಅವರು ತಮ್ಮ ಬಾಲ್ಯದ ನೆನಪುಗಳಲ್ಲಿ ಬರೆದಿದ್ದಾರೆ. ‘ಕಾರ್ನಿವಲ್ ರಾತ್ರಿ’ಯ ಖ್ಯಾತಿಯ ಬೆನ್ನಿಗೇ ಸರ್ಕಾರಿ ಲೆಕ್ಕಕ್ಕೆ ಸೇರದ ಹಣಕ್ಕೆ ಹಾಡಿದರೆಂದು ಪತ್ರಿಕೆಗಳು ಅವರ ಮೇಲೆ ಮುಗಿಬಿದ್ದವು, ಒಳ್ಳೆಯ ಪಾತ್ರಗಳಿಗಾಗಿ ಅವರು ವರ್ಷಗಟ್ಟಲೆ ಕಾಯಬೇಕಾಯಿತು. ನೇಯ್ಗೆ ಕಾರ್ಖಾನೆಯ ಮುಖ್ಯಸ್ಥೆಯಾಗಿ ನಟಿಸಿದ ‘ಹಳೆಯ ಗೋಡೆಗಳು’ ಬರುವ ಹೊತ್ತಿಗೆ ಅವರಿಗೆ ನಲವತ್ತು ಹತ್ತಿರವಾಗಿತ್ತು. ಅವರ ಅತ್ಯುತ್ತಮ ಕೆಲಸವೆಲ್ಲ ಆಮೇಲಿನದು ಎಂದೇ ನನ್ನ ನಂಬಿಕೆ. ನಿರ್ದೇಶಕರಾದ ಅಲೆಕ್ಸೇಯ್ ಗೆರ್ಮನ್, ಮಿಖಾಲ್ಕೊವ್, ಮತ್ತೆ ರ್ಯಜಾನೊವ್ ಅವರ ಚಿತ್ರಗಳು ಒಂದರ ಹಿಂದೊಂದು ಬಂದವು.

ಇಷ್ಟನ್ನು ಓದಿಕೊಂಡು ಆ ದೃಶ್ಯಕ್ಕೆ ಮರಳಿದಾಗ, ತಮಾರಾ ಯಾರನ್ನೂ ಉದ್ದೇಶಿಸಿ ಮಾತನಾಡುತ್ತಿಲ್ಲ, ಮಲಗಿದವನ ಪಕ್ಕದಲ್ಲಿ ಕುಳಿತು ಹರಕೆಯಂತೆ ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಾಳೆ ಎಂಬುದು ಕಣ್ಣಿಗೆ ಬಿತ್ತು. ನಮ್ಮ ಮನೆಯ ಹಿರಿಯರು ‘ಮಳೆಯೊಂದು ಬಂದರೆ ಸಾಕು’ ಎನ್ನುವ ಧಾಟಿ ಅದು. ‘ಯುದ್ಧ ಒಂದು ಆಗದಿದ್ದರೆ ಸಾಕು’ ಎಂದು ತಿದ್ದಿದೆ. ಅವಳು ಮತ್ತೆ ಅದನ್ನೇ ಹೇಳುವಾಗ ಸಾಲನ್ನು ಬಿಡಬಹುದಿತ್ತು, ಬಿಡಲಿಲ್ಲ. ಬಹುಪಾಲು ಕಪ್ಪು-ಬಿಳುಪಿನಲ್ಲೇ ಸಾಗಿದ ಚಿತ್ರ ಬಣ್ಣಕ್ಕೆ ತಿರುಗುವ ಆ ಹೊತ್ತಿನಲ್ಲಿ, ಪ್ರತಿ ಸಲವೂ ಅದೇ ನಾಲ್ಕು ಪದಗಳನ್ನು ತೆರೆಯ ಮೇಲೆ ಇಟ್ಟೆ.